ಮುಂದಿನ ಮಂಗಳವಾರ

ಕುಮಟೆಯ ಆ ಆಸ್ಪತ್ರೆಯ ಗೇಟಿನ ಮುಂದೆ ನಾನು ದಿನಕ್ಕೆ ಆರು ಸಲ ಹಾದುಹೋಗುತ್ತಿದ್ದೆ. ಹೊನ್ನಾವರದಿಂದ ಹೋಗುವಾಗ ಮೂರು ಸಲ, ತಿರುಗಿ ಬರುವಾಗ ಮೂರು ಸಲ. ಬಸ್ಸಿನ ಕಂಡಕ್ಟರನಾಗಿ ಅಲ್ಲಿ ಎಷ್ಟೋ ಬಸುರಿಯರನ್ನು ಕೈಹಿಡಿದು ಇಳಿಸಿದ್ದೇನೆ, ಜ್ವರದ ಮಕ್ಕಳನ್ನು ಎತ್ತಿ ಅಪ್ಪಂದಿರ ಕೈಗೆ ಕೊಟ್ಟಿದ್ದೇನೆ. ನಾನೇ ಅಲ್ಲಿ ಇಳಿಯಬೇಕಾಗಿತ್ತು. ಇಳಿಯದೆ ಎರಡು ವರ್ಷ ಕಳೆದೆ.

ಸಾವಿರದೊಂಬೈನೂರ ಅರವತ್ತರ ಆಚೀಚಿನ ಮಾತು ಇದು. ನಮ್ಮ ಬಸ್ಸು ಕಂಪನಿಯಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಒಬ್ಬರಿಗೆ ಕ್ಷಯ ಎಂದು ಗೊತ್ತಾದ ಮೇಲೆ ಮಾಲೀಕರು ಒಂದು ಆಜ್ಞೆ ಹೊರಡಿಸಿದರು. ಡ್ರೈವರು, ಕಂಡಕ್ಟರು ಎಲ್ಲರೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ ಡಾಕ್ಟರರ ಚೀಟಿ ತಂದು ಆಫೀಸಿಗೆ ಕೊಡಬೇಕು. ಎಕ್ಸ್‌ರೇ ತೆಗೆಯುತ್ತಿದ್ದದ್ದು ಮಂಗಳವಾರ ಮತ್ತು ಶುಕ್ರವಾರ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಹಾಗಾಗಿ ಅವಸರವೂ ಇರಲಿಲ್ಲ. ಮುಂದಿನ ಮಂಗಳವಾರ ಹೋದರಾಯಿತು ಅಂದುಕೊಂಡೆ.

ಆ ಮಂಗಳವಾರ ಕುಮಟೆಯಲ್ಲಿ ಸಂತೆಯ ಗದ್ದಲಕ್ಕಿಂತ ಹೆಚ್ಚಿನ ಗದ್ದಲ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದರ ಮುಂದಿನ ವಾರ ನನಗೆ ನೆಗಡಿ. ನೆಗಡಿ ಇದ್ದಾಗ ಎಕ್ಸ್‌ರೇ ತೆಗೆಸಿದರೆ ತಪ್ಪು ಬರುತ್ತದೆ ಎಂದು ನಾನೇ ಒಂದು ಶಾಸ್ತ್ರ ಕಟ್ಟಿಕೊಂಡೆ. ಆಮೇಲೆ ಮಳೆ ಹಿಡಿಯಿತು. ಮಳೆಗಾಲ ಮುಗಿಯಲಿ ಅಂದೆ. ಮಳೆ ಮುಗಿದ ಮೇಲೆ ಮೀನಿನ ಬುಟ್ಟಿಗಳ ಕಾಲ ಬಂತು, ಹಬ್ಬಗಳು ಬಂದವು. ಆಫೀಸಿನ ಗುಮಾಸ್ತರು ಕೇಳಿದಾಗಲೆಲ್ಲ "ತೆಗೆಸಿ ಆಯ್ತು, ಚೀಟಿ ತರುದೊಂದೇ ಬಾಕಿ" ಅನ್ನುತ್ತಿದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಈ ಒಂದು ಸುಳ್ಳನ್ನು ಸಲೀಸಾಗಿ ಹೇಳುವುದನ್ನು ಕಲಿತೆ.

ನಿಜ ಬೇರೆಯೇ ಇತ್ತು. ನನ್ನ ಅಪ್ಪನ ಅಣ್ಣ, ನಾವು ದೊಡ್ಡಪ್ಪ ಎಂದು ಕರೆಯುತ್ತಿದ್ದವರು, ತೆಂಗಿನಗುಂಡಿಯಲ್ಲಿದ್ದರು. ಅವರಿಗೆ ಕ್ಷಯವಾದಾಗ ಮನೆಯ ಹಿಂದೆ ತೆಂಗಿನ ಮಡಲಿನ ಗುಡಿಸಲು ಕಟ್ಟಿ ಅಲ್ಲಿ ಮಲಗಿಸಿದ್ದರು. ಗಂಜಿಯನ್ನು ಬಾಗಿಲ ಬಳಿ ಇಟ್ಟು ದೂರ ನಿಂತು ಕೂಗಬೇಕಾಗಿತ್ತು. ಅವರು ತೀರಿಕೊಂಡ ಮೇಲೆ ಗುಡಿಸಲನ್ನು ಸುಟ್ಟರು. ಎಕ್ಸ್‌ರೇ ಅಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಆ ಹೊಗೆ. ತೆಗೆಸದಿದ್ದರೆ ಏನೂ ಇಲ್ಲ, ತೆಗೆಸಿದರೆ ಏನಾದರೂ ಇರಬಹುದು. ನನ್ನ ಲೆಕ್ಕ ಅಷ್ಟೆ.

ನನ್ನ ಹೆಂಡತಿ ನಾಗವೇಣಿ ಮಂಕಿಯವಳು. ಜೋರಾಗಿ ಮಾತಾಡುವವಳಲ್ಲ, ಆದರೆ ಒಂದು ಮಾತನ್ನು ಹಿಡಿದರೆ ಬಿಡುವವಳೂ ಅಲ್ಲ. ಪ್ರತಿ ಮಂಗಳವಾರ ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುವಳು.

"ಹೋಗ್ಬಂದ್ರಾ?"

"ಇವತ್ತು ಆಗ್ಲಿಲ್ಲ."

"ಎಂತಕ್ಕೆ ಆಗ್ಲಿಲ್ಲ?"

ನಾನು ಒಂದು ಕಾರಣ ಹೇಳುವೆ. ಅವಳು ಪೂರ್ತಿ ಕೇಳಿಸಿಕೊಂಡು, "ಆತು, ಕೈಕಾಲು ತೊಳ್ಕಂಡು ಬನ್ನಿ" ಅನ್ನುವಳು. ಜಗಳ ಮಾಡಿದ್ದರೆ ನಾನೂ ಎದುರಾಡುತ್ತಿದ್ದೆ. ಆ "ಆತು" ಕೇಳಿ ಸೀದಾ ಕೈಕಾಲು ತೊಳೆಯಲು ಹೋಗುತ್ತಿದ್ದೆ.

ಎರಡನೆಯ ವರ್ಷ ಒಂದು ಸಣ್ಣ ಕೆಮ್ಮು ಸೇರಿಕೊಂಡಿತು. ಕೆಂಪು ಧೂಳಿನ ರಸ್ತೆ, ದಿನವಿಡೀ "ಕರ್ಕಿ, ಹಳದಿಪುರ, ಧಾರೇಶ್ವರ" ಎಂದು ಕೂಗುವ ಕೆಲಸ. ಕೆಮ್ಮದ ಕಂಡಕ್ಟರ್ ಯಾರು ಅಂದುಕೊಂಡೆ. ಪ್ಯಾಂಟು ಸಡಿಲವಾಯಿತು. ಒಂದು ದಿನ ನಾಗವೇಣಿ ನನ್ನ ಬೆಲ್ಟನ್ನು ಹೊಸ್ತಿಲ ಮೇಲಿಟ್ಟು ಮೊಳೆಯಿಂದ ಹೊಸ ತೂತು ಹೊಡೆಯುತ್ತಿದ್ದಳು. ಅದು ಆ ವರ್ಷದ ಮೂರನೆಯ ತೂತು. ಅವಳು ಮೊಳೆಗೆ ಕಲ್ಲಿನಿಂದ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿಬಿಟ್ಟಳು. ತಲೆಯೆತ್ತಿ ನನ್ನನ್ನು ನೋಡಲಿಲ್ಲ. ನಮ್ಮ ಮಗಳು ಕುಸುಮ, ಆಗ ನಾಲ್ಕು ವರ್ಷ, ನನ್ನ ಬೆನ್ನಿಗೆ ನೇತುಬಿದ್ದು ಕುತ್ತಿಗೆಗೆ ಮುಖ ಒತ್ತಿಕೊಂಡು ಆಡುತ್ತಿದ್ದಳು.

ನಾನಿದ್ದ ಬಸ್ಸಿನ ಡ್ರೈವರು ಭಟ್ಕಳದ ಇಬ್ರಾಹಿಂ ಸಾಹೇಬರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಹೊನ್ನಾವರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದು ವಾರಕ್ಕೊಮ್ಮೆ ಹೊಳೆ ದಾಟಿ ಊರಿಗೆ ಹೋಗಿ ಬರುವರು. ಎಕ್ಸ್‌ರೇ ಆಜ್ಞೆ ಬಂದ ವಾರವೇ ಹೋಗಿ ತೆಗೆಸಿಕೊಂಡು ಬಂದು ಚೀಟಿ ಕೊಟ್ಟವರು ಅವರೊಬ್ಬರೇ. ನನಗೆ ಬುದ್ಧಿ ಹೇಳಲು ಅವರು ಬರಲಿಲ್ಲ. ಒಂದೆರಡು ಸಲ "ಎಂತ ಆತು ಸುಬ್ರಾಯ, ನಿನ್ನ ಚೀಟಿ?" ಎಂದು ಕೇಳಿದ್ದರು ಅಷ್ಟೆ.

ಒಂದು ಮಂಗಳವಾರ ಬೆಳಿಗ್ಗೆ ನಾಗವೇಣಿ ಒಗೆದು ಮಡಚಿಟ್ಟ ಹೊಸ ಬನಿಯನ್ ಕೊಟ್ಟಳು.

"ಇದೆಂತಕ್ಕೆ ಇವತ್ತು?" ಎಂದೆ.

"ಹಳೇದು ಹರಿದೋಗ್ಯದೆ. ಹಾಕಣಿ."

ಹಾಕಿಕೊಂಡು ಹೊರಟೆ. ಎರಡನೆಯ ಟ್ರಿಪ್ಪಿನಲ್ಲಿ, ಹತ್ತು ಗಂಟೆಯ ಸುಮಾರಿಗೆ, ಬಸ್ಸು ಕುಮಟೆ ಮುಟ್ಟಿತು. ಆಸ್ಪತ್ರೆಯ ಗೇಟಿನ ಮುಂದೆ ಇಳಿಯುವವರು ಯಾರೂ ಇರಲಿಲ್ಲ. ಆದರೂ ಬಸ್ಸು ನಿಂತಿತು. ನಾನು ರೈಟ್ ಎಂದು ಕೂಗಿದೆ. ಬಸ್ಸು ಹೊರಡಲಿಲ್ಲ. ಎಂಜಿನ್ನೂ ನಿಂತಿತು. ಇಬ್ರಾಹಿಂ ಸಾಹೇಬರು ಕೆಳಗಿಳಿದು, ಸುತ್ತಿ ಬಂದು, ಹಿಂದಿನ ಬಾಗಿಲನ್ನು ತೆರೆದು ನಿಂತರು.

"ಇಳಿ ಸುಬ್ರಾಯ."

ಕೋರ್ಟಿಗೆ ಹೊರಟಿದ್ದ ಒಬ್ಬ ಗುಮಾಸ್ತರು ಕಿಟಕಿಯಿಂದ ತಲೆ ಹಾಕಿ, "ಬಸ್ಸಿಗೆ ಎಂತ ಆತು ಸಾಹೇಬ್ರೆ?" ಎಂದು ಕೇಳಿದರು.

"ಬಸ್ಸಿಗೆ ಎಂತ ಆಗ್ಲಿಲ್ಲ. ಕಂಡಕ್ಟರಿಗೆ ಎಂತ ಆಗ್ಯದೆ ಹೇಳಿ ನೋಡ್ಬೇಕು. ಅವಸರ ಇದ್ದವ್ರು ನಡ್ಕಂಡು ಹೋಗಿ, ಸ್ಟ್ಯಾಂಡು ಇಲ್ಲೇ ಅದೆ. ಇಲ್ದಿದ್ರೆ ಕೂತ್ಕಣಿ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಸಾಹೇಬ್ರೆ, ಜನ ನೋಡ್ತಾರೆ. ಮುಂದಿನ ಮಂಗಳವಾರ ಖಂಡಿತ" ಎಂದು ಪಿಸುಗುಟ್ಟಿದೆ.

"ಆ ಮಂಗಳವಾರವೇ ಇದು" ಎಂದರು ಅವರು. "ಕಂಟ್ರೋಲರಿಗೆ ನಿನ್ನೇನೇ ಹೇಳಿದ್ದೆ. ತಿರುಗಿ ಹೋಗುವ ಟ್ರಿಪ್ಪು ಬೇರೆ ಬಸ್ಸು ಮಾಡ್ತದೆ. ನಿನ್ನ ಮನೆಯವ್ರು ಹೇಳಿ ಕಳ್ಸಿದ್ರು. ಇಳಿ."

ಆಗ ನನಗೆ ಬನಿಯನ್ನಿನ ಅರ್ಥವಾಯಿತು.

ಹಳದಿಪುರದಿಂದ ದಿನಾ ತರಕಾರಿ ತರುವ ದೇವಿ ಎಂಬ ಮುದುಕಿ ಬಾಗಿಲ ಹತ್ತಿರವೇ ಬಸಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಾನು ಇನ್ನೂ ಮೆಟ್ಟಿಲ ಮೇಲೆಯೇ ನಿಂತಿದ್ದನ್ನು ನೋಡಿ, "ಹೋಗ್ಬಾ ತಮ್ಮ. ನನ್ನ ಬಸಳೆ ಬಾಡುದ್ರೊಳಗೆ ಬಾ" ಎಂದಳು. ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಇಳಿದೆ.

ಆಸ್ಪತ್ರೆಯ ಜಗಲಿಯಲ್ಲಿ ಉದ್ದನೆಯ ಬೆಂಚು. ಫಿನಾಯಿಲ್ ವಾಸನೆ. ನಮ್ಮ ಮುಂದೆ ಒಂಬತ್ತು ಜನ. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಯಾರಾದರೂ ಕೆಮ್ಮಿದರೆ ಉಳಿದವರೆಲ್ಲ ತಮ್ಮ ಕೆಮ್ಮನ್ನು ನುಂಗಿಕೊಳ್ಳುತ್ತಿದ್ದರು. ಸಾಹೇಬರು ತಮ್ಮ ಮೊಣಕಾಲನ್ನು ನನ್ನ ಮೊಣಕಾಲಿಗೆ ಒತ್ತಿ ಕೂತರು. ಎದುರಿನ ಗೋಡೆ ನೋಡುತ್ತ ಹೇಳಿದರು:

"ನನ್ನ ತಮ್ಮ ಒಬ್ಬ ಇದ್ದ. ಬೊಂಬಾಯಲ್ಲಿ ಹೋಟೆಲ್ ಕೆಲಸ. ಕೆಮ್ಮು ಅದೆ ಹೇಳಿ ಬರ್ದಿದ್ದ. ತೋರ್ಸು ಅಂತ ನಾನು ಬರ್ದೆ. ಮುಂದಿನ ತಿಂಗಳು ತೋರಿಸ್ತೇನೆ ಅಂತ ಬರ್ದ. ಹಾಗೆ ಬರ್ದ ಪತ್ರ ನಾಕು ಅದೆ ನನ್ನ ಪೆಟ್ಟಿಗೆಯಲ್ಲಿ."

"ಐದನೇದು?"

"ಐದನೇದು ಅವನ ಕೋಣೆಯವ್ರು ಬರ್ದದ್ದು."

ಎರಡು ವರ್ಷ ಒಂದೇ ಬಸ್ಸಿನಲ್ಲಿದ್ದೂ ಅವರಿಗೆ ಒಬ್ಬ ತಮ್ಮನಿದ್ದ ಎಂಬುದು ನನಗೆ ಗೊತ್ತಿರಲಿಲ್ಲ.

ನನ್ನ ಹೆಸರು ಕರೆದರು. ಕತ್ತಲೆ ಕೋಣೆ. ಬನಿಯನ್ ಕೂಡ ತೆಗೆಯಲು ಹೇಳಿದರು, ನಾಗವೇಣಿಯ ಶ್ರಮ ವ್ಯರ್ಥವಾಯಿತು. ಎಕ್ಸ್‌ರೇ ತೆಗೆಯುವವರು ವಯಸ್ಸಾದ, ಸಣ್ಣ ದನಿಯ ಮನುಷ್ಯ. ನನ್ನ ಎದೆ ಒತ್ತಿ ನಿಲ್ಲಬೇಕಾದ ತಗಡಿನ ಹಲಗೆಯನ್ನು ಅವರು ಮೊದಲು ತಮ್ಮ ಎರಡೂ ಅಂಗೈಗಳಿಂದ ಚೆನ್ನಾಗಿ ಉಜ್ಜಿದರು. "ತಂಪು ಇರ್ತದೆ, ಒಮ್ಮೆಲೇ ತಾಗಿದ್ರೆ ಜನ ಹೆದರ್ತಾರೆ" ಎಂದರು. ಉಸಿರು ಎಳೆದು ಹಿಡಿ ಎಂದರು. ಟಕ್ ಎಂದು ಒಂದು ಸಪ್ಪಳ. ಬಿಡು ಎಂದರು.

"ಆಯ್ತಾ?" ಎಂದು ಕೇಳಿದೆ.

"ಆಯ್ತು."

ಎರಡು ವರ್ಷ ಮುಂದೂಡಿದ ಕೆಲಸ ಒಂದು ಉಸಿರಿನಲ್ಲಿ ಮುಗಿದಿತ್ತು. ಹೊರಗೆ ಬಂದಾಗ ಬಸ್ಸಿನಲ್ಲಿ ಯಾರೂ ಉಳಿದಿರಲಿಲ್ಲ. ನನ್ನ ಸೀಟಿನ ಮೇಲೆ ಒಂದು ಕಟ್ಟು ಬಸಳೆ ಇತ್ತು.

ಪರೀಕ್ಷೆಗೆ ಕಫವನ್ನೂ ತೆಗೆದುಕೊಂಡು, ಫಲಿತಾಂಶಕ್ಕೆ ಒಂದು ವಾರ ಬಿಟ್ಟು ಬರಲು ಹೇಳಿದ್ದರು. ಈ ಸಲ ನಾನೇ ಹೋದೆ, ನಾಗವೇಣಿಯೂ ಜೊತೆಗೆ ಬಂದಳು. ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನಗೆ ಅದರಲ್ಲಿ ಪಕ್ಕೆಲುಬುಗಳು ಮಾತ್ರ ಕಂಡವು. ಅವರು ಪೆನ್ನಿನ ತುದಿಯಿಂದ ಎಡಗಡೆ ಮೇಲ್ಭಾಗದಲ್ಲಿ ಮಂಜಿನಂತಹ ಒಂದು ಜಾಗ ತೋರಿಸಿದರು.

"ಇದು ಕ್ಷಯ. ಕಫದಲ್ಲೂ ಕಂಡಿದೆ. ಔಷಧ ಇದೆ, ವಾಸಿಯಾಗುತ್ತದೆ. ಒಂದೂವರೆ ವರ್ಷ ತಪ್ಪದೆ ತೆಗೆದುಕೊಳ್ಳಬೇಕು. ಕಂಪನಿ ಹೇಳಿದಾಗಲೇ ಬಂದಿದ್ದರೆ ಬಹುಶಃ ಇಷ್ಟೂ ಇರುತ್ತಿರಲಿಲ್ಲ." ಅವರು ಹಾಳೆ ಕೆಳಗಿಟ್ಟು ನಾಗವೇಣಿಯ ಕಡೆ ತಿರುಗಿದರು. "ಮನೆಯಲ್ಲಿ ಮಕ್ಕಳು?"

ಅಲ್ಲಿಯವರೆಗೂ ನಾನು ನನ್ನ ಬಗ್ಗೆ ಮಾತ್ರ ಹೆದರಿದ್ದೆ. ಎರಡು ವರ್ಷವೂ ನನ್ನ ಬಗ್ಗೆ ಮಾತ್ರ. ಆ ಪ್ರಶ್ನೆ ಕೇಳಿದ ಮೇಲೆ, ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು ಆಡುವ ಕುಸುಮ ನೆನಪಾದಳು. ನಾಗವೇಣಿ ಸೆರಗನ್ನು ಹೊದ್ದುಕೊಂಡು, "ಒಬ್ಬಳು ಮಗಳು. ನಾಳೆ ಕರ್ಕಂಡು ಬತ್ತೆ" ಎಂದಳು.

ಮಗುವಿನ ತೋಳಿಗೆ ಸಣ್ಣ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ತೋರಿಸಲು ಹೇಳಿದರು. ಉಬ್ಬದಿದ್ದರೆ ಚಿಂತೆಯಿಲ್ಲ. ಆ ಮೂರು ದಿನ ನಾನು ಮನೆಯ ಹೊರಜಗಲಿಯಲ್ಲೇ ಇದ್ದೆ. ಊಟ, ನಿದ್ದೆ ಎಲ್ಲ ಅಲ್ಲೇ. ನಾಗವೇಣಿ ನನಗೊಂದು ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಊಟ ತಂದಾಗ ದೂರದಲ್ಲಿ ಇಡಲಿಲ್ಲ, ಹತ್ತಿರವೇ ಬಂದು ಬಡಿಸಿದಳು. ಮಾತು ಮಾತ್ರ ಆಡಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಕುಸುಮ ಬಾಗಿಲಲ್ಲಿ ನಿಂತು ತೋಳು ಚಾಚಿ, "ಅಪ್ಪ, ನೋಡು, ದೊಡ್ಡದಾಗ್ಯದೆ" ಎಂದಳು, ಸೊಳ್ಳೆ ಕಚ್ಚಿದ್ದನ್ನು ತೋರಿಸುವ ಹಾಗೆ. ಕೆಂಪಗೆ ಒಂದು ರೂಪಾಯಿಯಷ್ಟು ಅಗಲಕ್ಕೆ ಉಬ್ಬಿತ್ತು.

ಅವಳ ಎದೆಯ ಚಿತ್ರವನ್ನೂ ತೆಗೆದರು. ಎದೆಯೊಳಗೆ ಒಂದು ಗಂಟು ಸ್ವಲ್ಪ ದೊಡ್ಡದಾಗಿತ್ತು. ಹೆಚ್ಚೇನಿಲ್ಲ, ಒಂದು ವರ್ಷ ಗುಳಿಗೆ ಕೊಟ್ಟರೆ ಸಾಕು, ಮಕ್ಕಳು ಬೇಗ ಗುಣವಾಗುತ್ತಾರೆ ಎಂದರು ಡಾಕ್ಟರು. ನಾಗವೇಣಿಗೆ ಏನೂ ಇರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ನಾನು ಕೊನೆಯ ಸೀಟಿನಲ್ಲಿ ಕೂತಿದ್ದೆ, ಅವರಿಬ್ಬರು ಮುಂದೆ. ಮನೆಗೆ ಬಂದು ಮಗುವನ್ನು ಮಲಗಿಸಿ, ನಾಗವೇಣಿ ಜಗಲಿಗೆ ಬಂದು ನನ್ನೆದುರು ಕೂತಳು.

"ನಾ ಒಂದು ಮಾತು ಹೇಳ್ತೆ" ಎಂದಳು. "ನಿಮ್ಮ ಮೇಲೆ ನನಗೆ ಸಿಟ್ಟು ಅದೆ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಅದು ಇಳೀಲಿಕ್ಕೆ ದಿನ ಬೇಕು. ಅಷ್ಟರ ತನಕ ನೀವು ಗುಳಿಗೆ ತಪ್ಪಿಸ್ಬೇಡಿ, ನಾ ಅವಳ ಗುಳಿಗೆ ತಪ್ಪಿಸುದಿಲ್ಲ."

ನಾನು ಅತ್ತುಬಿಟ್ಟೆ. ಮದುವೆಯಾದ ಮೇಲೆ ಅವಳೆದುರು ಅತ್ತದ್ದು ಅದೇ ಮೊದಲು. ಅವಳು ತಡೆಯಲಿಲ್ಲ, ಎದ್ದು ಹೋಗಲೂ ಇಲ್ಲ.

ಮೊದಲ ಎರಡು ಮೂರು ತಿಂಗಳು ಮಗುವಿನಿಂದ ದೂರ ಇರಬೇಕೆಂದು ಡಾಕ್ಟರು ಹೇಳಿದ್ದರು. ನಮ್ಮದು ಹೊನ್ನಾವರದಲ್ಲಿ ಎರಡೇ ಕೋಣೆಯ ಮನೆ. ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಿರುವಾಗ ಮಂಕಿಯಿಂದ ನನ್ನ ಅತ್ತೆ ಹೇಳಿ ಕಳಿಸಿದರು, ಇಲ್ಲಿಗೆ ಬರಲಿ ಎಂದು. ನಾನು ಹಾಸಿಗೆ ಕಟ್ಟಿಕೊಂಡು ಲಾಂಚಿನಲ್ಲಿ ಶರಾವತಿ ದಾಟಿ, ಕಾಸರಕೋಡಿನಲ್ಲಿ ಬಸ್ಸು ಹತ್ತಿ ಮಂಕಿಗೆ ಹೋದೆ. ಮನೆ ಮುಟ್ಟುವ ತನಕ ತೆಂಗಿನಗುಂಡಿಯ ಗುಡಿಸಲೇ ಕಣ್ಣ ಮುಂದಿತ್ತು. ಹೋಗಿ ನೋಡಿದರೆ, ಅತ್ತೆ ಎದುರಿನ ಜಗಲಿಯನ್ನೇ ಸಗಣಿ ಸಾರಿಸಿ ನನಗೆ ಬಿಟ್ಟುಕೊಟ್ಟಿದ್ದರು. ಮನೆಗೆ ಬರುವವರು, ಹೋಗುವವರು, ರಸ್ತೆಯ ಮೇಲಿನ ದನಕರು, ಎಲ್ಲ ಕಾಣುವ ಜಾಗ. ಗಾಳಿಯೂ ಚೆನ್ನಾಗಿತ್ತು.

ಔಷಧದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಲ್ಲಿನ ಕಾಂಪೌಂಡರ್ ದಿನಾ ಬೆಳಿಗ್ಗೆ ಸೂಜಿ ಕುದಿಸಿಕೊಂಡು ಬಂದು ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ ಚುಚ್ಚುವರು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ನಡೆದರೆ ತೂಗಿದಂತೆ ಆಗುತ್ತಿತ್ತು. ಸೂಜಿಯನ್ನು ಸಹಿಸಬಹುದಿತ್ತು. ಗುಳಿಗೆಗಳನ್ನು ಸಹಿಸಲಾಗುತ್ತಿರಲಿಲ್ಲ. ದೊಡ್ಡ ದೊಡ್ಡ ಗುಳಿಗೆ, ದಿನಕ್ಕೆ ಮೂರು ಹೊತ್ತು, ಹಿಡಿತುಂಬ. ನುಂಗಿದ ಮೇಲೆ ಹೊಟ್ಟೆ ತೊಳಸುವುದು, ಅನ್ನದ ವಾಸನೆಯೂ ಬೇಡವಾಗುವುದು. ಮುಂದೂಡುವ ನನ್ನ ಬುದ್ಧಿ ಕಾಯಿಲೆಯೊಂದಿಗೆ ಹೋಗಿರಲಿಲ್ಲ. ಊಟದ ಮೇಲೆ ನುಂಗುತ್ತೇನೆ, ಸ್ವಲ್ಪ ಮಲಗಿ ಎದ್ದು ನುಂಗುತ್ತೇನೆ ಎಂದು ಜಗಲಿಯ ತುದಿಯಲ್ಲಿ ಗುಳಿಗೆ ಇಟ್ಟುಕೊಂಡು ಕೂರುತ್ತಿದ್ದೆ.

ಅತ್ತೆ ನನ್ನೊಂದಿಗೆ ನೇರ ಮಾತಾಡುವವರಲ್ಲ. ಆ ಕಾಲದಲ್ಲಿ ನಮ್ಮ ಕಡೆ ಅತ್ತೆಯಂದಿರು ಅಳಿಯನಿಗೆ ಹೇಳಬೇಕಾದ್ದನ್ನು ಗೋಡೆಗೋ, ಬೆಕ್ಕಿಗೋ ಹೇಳುತ್ತಿದ್ದರು. ನನ್ನ ಅತ್ತೆಗೆ ಹಾಡು ಬರುತ್ತಿತ್ತು. ಊರಿನಲ್ಲಿ ಗದ್ದೆಯ ನೆಟ್ಟಿ, ಮದುವೆ ಯಾವುದಿದ್ದರೂ ಹಾಡಿಗೆ ಅವರೇ ಮುಂದು. ಒಂದು ಮಧ್ಯಾಹ್ನ ನಾನು ಗುಳಿಗೆ ಎದುರಿಟ್ಟುಕೊಂಡು ಕೂತಿರುವಾಗ ಒಳಗಿನಿಂದ ಬತ್ತ ಕುಟ್ಟುವ ಸದ್ದಿನ ಜೊತೆ ಹಾಡು ಕೇಳಿಸಿತು.

ಹೊತ್ತು ಏರಿತು ಬತ್ತ, ಗುಳಿಗೆ ನುಂಗಿದೆಯೇನೋ,
ಮಗಳು ಬರ್ತಾಳೆ ಭಾನುವಾರ, ನಿನ ಕಂಡು
ನಗಬೇಕೋ ಅವಳು, ಅಳಬೇಕೋ.

ಬತ್ತಕ್ಕೆ ಗುಳಿಗೆ ನುಂಗಲು ಹೇಳುವ ಹಾಡನ್ನು ನಾನು ಎಲ್ಲೂ ಕೇಳಿರಲಿಲ್ಲ. ಒಂದೊಂದೇ ಎತ್ತಿ ನುಂಗಿದೆ. ಕೊನೆಯದನ್ನು ನುಂಗಿ ಲೋಟ ಕೆಳಗಿಟ್ಟ ಸದ್ದಾದ ಮೇಲೆ ಒನಕೆ ನಿಂತಿತು. ಅಂದಿನಿಂದ ನಾನು ತಡಮಾಡಿದ ದಿನ ಒಂದೊಂದು ಹೊಸ ಹಾಡು. ಒಮ್ಮೆ ಸೌತೆಬಳ್ಳಿಗೆ, ಒಮ್ಮೆ ಗೊಬ್ಬರದ ಗುಂಡಿಗೆ. ಗೊಬ್ಬರದ ಗುಂಡಿಯ ಹಾಡಿನಲ್ಲಿ ಕಂಡಕ್ಟರನ ಟೋಪಿಯೂ ಬಂದಿತ್ತು. ಪಕ್ಕದ ಮನೆಯ ಹೆಂಗಸರು ಬೇಲಿಯ ಹತ್ತಿರ ನಿಂತು ಕೇಳಿ ನಗುತ್ತಿದ್ದರು. ಕ್ಷಯದ ಮನೆ ಎಂದು ಮೊದಮೊದಲು ದೂರದಿಂದ ಹೋಗುತ್ತಿದ್ದವರು ಅವರು. ಹಾಡು ಕೇಳಲು ಹತ್ತಿರ ಬಂದರು, ಬಂದವರು ಮಾತಾಡಿಸಿದರು.

ಭಾನುವಾರ ನಾಗವೇಣಿ, ಕುಸುಮ ಬರುತ್ತಿದ್ದರು. ಕುಸುಮ ಅಂಗಳದ ಆಚೆ ಮೆಟ್ಟಿಲ ಮೇಲೆ, ನಾನು ಜಗಲಿಯಲ್ಲಿ. ನಡುವೆ ಅಂಗಳ. ಮೊದಲ ಭಾನುವಾರ ಅವಳು ಓಡಿ ಬಂದಳು, ನಾಗವೇಣಿ ಹಿಡಿದುಕೊಂಡಳು, ದೊಡ್ಡ ಅಳು. ಎರಡನೆಯ ಸಲ ನಾನೊಂದು ಆಟ ಹುಡುಕಿದೆ. ಅಂಗಳವೇ ಬಸ್ಸು. ನಾನು "ಕರ್ಕಿ, ಹಳದಿಪುರ" ಎಂದು ಜಗಲಿಯಿಂದ ಕೂಗಬೇಕು, ಅವಳು ಹಲಸಿನ ಎಲೆಯ ಟಿಕೆಟ್ ಹರಿದು ಹರಿದು ನಾಯಿಗೆ, ಅಜ್ಜಿಗೆ, ಅಮ್ಮನಿಗೆ ಹಂಚಬೇಕು. "ನಿಂಗೆ ಟಿಕೆಟ್ ಇಲ್ಲ ಅಪ್ಪ, ನೀ ಬಸ್ಸಲ್ಲಿ ಇಲ್ಲ" ಎಂದಳು ಒಮ್ಮೆ. ಅದೊಂದು ಮಾತು ಮಾತ್ರ ಬಹಳ ದಿನ ಒಳಗೆ ಚುಚ್ಚಿತು. ಅವಳಿಗೆ ಗುಳಿಗೆಯನ್ನು ಜೋನಿ ಬೆಲ್ಲದಲ್ಲಿ ಅರೆದು ಕೊಡುತ್ತಿದ್ದರು. ಗುಳಿಗೆ ಅಂದರೆ ಬೆಲ್ಲ ಎಂದು ತಿಳಿದು, ಮರೆತರೆ ತಾನೇ ಕೇಳುತ್ತಿದ್ದಳಂತೆ.

ಮೂರನೆಯ ತಿಂಗಳ ಕೊನೆಗೆ ಕಫದಲ್ಲಿ ಏನೂ ಕಾಣಲಿಲ್ಲ. ಇನ್ನು ಮನೆಗೆ ಹೋಗಬಹುದು, ಮಗುವನ್ನು ಎತ್ತಿಕೊಳ್ಳಬಹುದು ಎಂದರು ಡಾಕ್ಟರು. ಹೊನ್ನಾವರದ ಮನೆಯ ಬಾಗಿಲಲ್ಲಿ ಕುಸುಮ ನನ್ನನ್ನು ಕಂಡು ಓಡಿ ಬರಲಿಲ್ಲ. ಅಭ್ಯಾಸವಾಗಿತ್ತು, ದೂರವೇ ನಿಂತಳು. ಅಮ್ಮನ ಮುಖ ನೋಡಿದಳು. ನಾಗವೇಣಿ, "ಹೋಗು" ಎಂದಳು. ಆಮೇಲೂ ಅವಳು ನಿಧಾನವಾಗಿ ನಡೆದು ಬಂದು ಮೊದಲು ನನ್ನ ಬೆರಳು ಮುಟ್ಟಿ ನೋಡಿದಳು. ನಾಗವೇಣಿ ಅಂದು ಮಣ್ಣಿನ ಪಾತ್ರೆಯಲ್ಲಿ ಬಂಗಡೆ ಸಾರು ಮಾಡಿದ್ದಳು. ಬಡಿಸುವಾಗ ಎರಡನೆಯ ಮೀನನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕಿದಳು. ಅವಳ ಸಿಟ್ಟು ಇಳಿದಿದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಕೆಲಸಕ್ಕೆ ಮರಳಿದ್ದು ಇನ್ನೂ ಕೆಲವು ತಿಂಗಳ ಮೇಲೆ. ಬಸ್ಸಿನಲ್ಲಿ ಕೆಲವರು ನನ್ನ ಕೈಯಿಂದ ಟಿಕೆಟ್ ತೆಗೆದುಕೊಳ್ಳುವಾಗ ತುದಿ ಬೆರಳಿನಿಂದ ಹಿಡಿದರು. ಒಬ್ಬರು ಮುಖ ತಿರುಗಿಸಿಕೊಂಡರು. ದೇವಿ ಮುದುಕಿ ಮಾತ್ರ ಮೇಲಿಂದ ಕೆಳಗೆ ನೋಡಿ, "ನೀ ಸತ್ತೋದೆ ಹೇಳಿ ಸುದ್ದಿ ಇತ್ತು ತಮ್ಮ. ಸುಳ್ಳು ಸುದ್ದಿ ಹಬ್ಸುವವ್ರಿಗೆ ಎಂತ ಕೆಲಸ ಇಲ್ಲ" ಎಂದು ಬುಟ್ಟಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಒಂದೂವರೆ ವರ್ಷ ಗುಳಿಗೆ ನುಂಗಿ ಮುಗಿಸಿದೆ. ಕುಸುಮನದು ಅದಕ್ಕಿಂತ ಮೊದಲೇ ಮುಗಿದಿತ್ತು. ನನ್ನ ಚಿತ್ರದಲ್ಲಿ ಮಂಜಿನ ಜಾಗದಲ್ಲಿ ಈಗ ಒಂದು ಗೀಚು ಉಳಿದಿದೆ, ಅದು ಗಾಯ ಮಾಗಿದ ಗುರುತು, ಅಷ್ಟೆ ಎನ್ನುತ್ತಾರೆ. ವರ್ಷಕ್ಕೊಮ್ಮೆ ಹೋಗಿ ತೆಗೆಸುತ್ತೇನೆ. ಹೆದರಿಕೆ ಹೋಗಿದೆ ಎಂದು ಬರೆದರೆ ಅದೂ ಆಫೀಸಿನ ಗುಮಾಸ್ತರಿಗೆ ಹೇಳಿದಂತಹ ಮಾತಾಗುತ್ತದೆ. ಹೆದರಿಕೊಂಡೇ ಹೋಗುತ್ತೇನೆ.

ಕಂಪನಿಯಲ್ಲಿ ನನ್ನ ಹಾಗೆ ಮುಂದೂಡುತ್ತಿದ್ದವರು ಬಹಳ ಜನ ಇದ್ದರು. ನನ್ನನ್ನು ನೋಡಿದ ಮೇಲಾದರೂ ಹೋಗುತ್ತಾರೆ ಅಂದುಕೊಂಡಿದ್ದೆ, ನೋಡಿದ ಮೇಲೆ ಇನ್ನೂ ಹೆದರಿದರು. ಕೊನೆಗೆ ಒಂದು ಶುಕ್ರವಾರ ನಾನೇ ಆರು ಜನರನ್ನು ಕೂಡಿಸಿಕೊಂಡು ಹೋದೆ. ಏಳು ಜನ ಅಂಗಿ ಬಿಚ್ಚಿ ಸಾಲಾಗಿ ನಿಂತದ್ದು ನೋಡಿ ಅಲ್ಲಿನ ದಾದಿ ಕುಸ್ತಿಗೆ ಬಂದಿರಾ ಎಂದು ಕೇಳಿದಳು. ಒಬ್ಬರ ಹೊಟ್ಟೆಯನ್ನು ಒಬ್ಬರು ಆಡಿಕೊಂಡು ನಕ್ಕೆವು. ಒಬ್ಬೊಬ್ಬರೇ ಒಳಗೆ ಹೋದ ಹಾಗೆ ನಗು ಕಡಿಮೆಯಾಯಿತು.

ವಾರ ಬಿಟ್ಟು ಫಲಿತಾಂಶಕ್ಕೆ ಹೋದಾಗ ಐದು ಜನರಿಗೆ ಏನೂ ಇರಲಿಲ್ಲ. ಕರ್ಕಿಯ ಗಣಪತಿಗೆ ಇತ್ತು. ಕೆಮ್ಮಿಲ್ಲ, ಜ್ವರವಿಲ್ಲ, ಗಟ್ಟಿ ಆಳು. ತೀರಾ ಸಣ್ಣ ಗುರುತು, ಬಹಳ ಬೇಗ ಸಿಕ್ಕಿತು ಎಂದರು ಡಾಕ್ಟರು. ಗಣಪತಿಯ ಕಿವಿಗೆ ಅದು ಹೋಗಲೇ ಇಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟ.

"ಮನೆಲಿ ಹೆಂಗೆ ಹೇಳುದು ಸುಬ್ರಾಯಣ್ಣ? ಎರಡು ಮಕ್ಕಳು ಅದೆ. ನಾ ಇವತ್ತು ಹೇಳುದಿಲ್ಲ. ಎರಡು ದಿನ ಹೋಗ್ಲಿ."

"ಎರಡು ದಿನ ಬೇಡ" ಎಂದೆ. "ನಾ ಬತ್ತೆ."

ಸಂಜೆ ಅವನೊಂದಿಗೆ ಕರ್ಕಿಯಲ್ಲಿ ಇಳಿದು ಅವನ ಮನೆಗೆ ಹೋದೆ. ಅವನ ಹೆಂಡತಿ ಲಕ್ಷ್ಮಿ ಅಂಗಳದಲ್ಲಿ ಒಣಮೀನು ಎತ್ತಿಡುತ್ತಿದ್ದಳು. ಗಣಪತಿ ಕಾಲು ತೊಳೆಯುವ ನೆವದಲ್ಲಿ ಬಾವಿಯ ಕಡೆ ಹೋದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೇಗ ಗೊತ್ತಾಗಿದೆ, ಔಷಧ ಇದೆ, ನನಗೂ ಆಗಿತ್ತು, ನೋಡು, ನಿಂತಿದ್ದೇನೆ ಎಂದೆ. ನನ್ನ ಮಗಳ ವಿಷಯವನ್ನೂ ಮುಚ್ಚಿಡದೆ ಹೇಳಿದೆ.

ಲಕ್ಷ್ಮಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು, ತೂಕ ನೋಡುವವರ ಹಾಗೆ.

"ನಿಮ್ಮ ಮಗಳು ಈಗ ಹೆಂಗೆ ಅದೆ?"

"ಶಾಲೆಗೆ ಹೋಗ್ತದೆ. ಓಟದಲ್ಲಿ ಮುಂದು."

ಒಳಗೆ ಎರಡು ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಒಮ್ಮೆ ಅತ್ತ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ನಾಳೆ ಮೊದಲನೇ ಬಸ್ಸು ಇಲ್ಲಿಗೆ ಎಷ್ಟೊತ್ತಿಗೆ ಬತ್ತದೆ?"

"ಏಳೂವರೆಗೆ" ಎಂದೆ.

ಮರುದಿನ ನಮ್ಮ ಬಸ್ಸು ಕರ್ಕಿ ಮುಟ್ಟುವಾಗ ಅವಳು ರಸ್ತೆಯ ಬದಿ ನಿಂತಿದ್ದಳು. ಮಕ್ಕಳಿಬ್ಬರಿಗೂ ಎಣ್ಣೆ ಹಚ್ಚಿ ತಲೆ ಬಾಚಿ, ಹಬ್ಬದ ಅಂಗಿ ಹಾಕಿಸಿದ್ದಳು. ಗಣಪತಿ ಹಿಂದೆ ನಿಂತಿದ್ದ, ಚಿಕ್ಕವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.